ಉಳಿದ ಬಣ್ಣದ ಅಂಗಡಿ

ಕೆ.ಬಿ. ಬಡಾವಣೆಯ ನಮ್ಮ ಬೀದಿಯ ಮೂಲೆಯಲ್ಲಿ ಒಂದು ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇತ್ತು. ಅದರ ಬಣ್ಣ ಯಾವುದು ಎಂದು ಕೇಳಿದರೆ ಬೀದಿಯವರು ಜಗಳಕ್ಕೆ ಬೀಳುತ್ತಿದ್ದರು. ಬಾಗಿಲು ಗಿಳಿಹಸಿರು. ಎಡಗಡೆ ಗೋಡೆ ಅರಿಶಿನ. ಬಲಗಡೆಯದು ಅರ್ಧ ನೀಲಿ, ಅರ್ಧ ಗುಲಾಬಿ. ಒಲೆಯ ಹಿಂದಿನ ಗೋಡೆ ಮಾತ್ರ ಎಣ್ಣೆ ಹೊಗೆ ಕುಡಿದು ತನ್ನದೇ ಬಣ್ಣ ಮಾಡಿಕೊಂಡಿತ್ತು. ಬೀದಿಯಲ್ಲಿ ಯಾರ ಮನೆಗೆ ಬಣ್ಣ ಹೊಡೆಸಿದರೂ ಡಬ್ಬಿಯ ತಳದಲ್ಲಿ ಉಳಿದದ್ದು ಆ ಅಂಗಡಿಗೆ ಸಲ್ಲಬೇಕು, ಅದು ವಾಡಿಕೆ. ದೀಪಾವಳಿಯ ಹಿಂದಿನ ವಾರ ಅಂಗಡಿಯ ಕಾಕಾ ಲುಂಗಿ ಎತ್ತಿ ಕಟ್ಟಿ, ಸ್ಟೂಲ್ ಹತ್ತಿ, ಯಾವ ಡಬ್ಬಿ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಹಚ್ಚಿ ಇಳಿಯುತ್ತಿದ್ದರು. ಮೇಷ್ಟ್ರ ಮನೆಯ ನೀಲಿ ಮುಗಿದಲ್ಲಿಂದ ಡಾಕ್ಟರಮ್ಮನ ಮನೆಯ ಗುಲಾಬಿ ಶುರು. ನಮ್ಮ ಮನೆಯದೂ ಇತ್ತು, ಕಿಟಕಿಯ ಕೆಳಗೆ ಗೇಣಗಲದ ಕೇಸರಿ. ನಾವು ಬಾಡಿಗೆಯವರು. ನಮ್ಮ ಮನೆ ಮಾಲೀಕರು ಅಡುಗೆಮನೆಯೊಂದಕ್ಕೇ ಬಣ್ಣ ಹೊಡೆಸಿ ಕೈ ತೊಳೆದುಕೊಂಡಿದ್ದರಿಂದ ನಮ್ಮ ಪಾಲಿಗೆ ಉಳಿದದ್ದು ಅಷ್ಟೇ.

ಆ ಅಂಗಡಿಗೆ ಜನ ಬರುತ್ತಿದ್ದದ್ದು ಮಂಡಕ್ಕಿಗೆ ಅಂತ ನೀವು ತಿಳಿದರೆ ತಪ್ಪು. ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವೇ? ಜನ ಬರುತ್ತಿದ್ದದ್ದು ಬೈಸಿಕೊಳ್ಳಲಿಕ್ಕೆ.

ಬ್ಯಾಂಕಿನ ದೊಡ್ಡ ಸಾಹೇಬರು ಬಂದು ಅವಸರ ಮಾಡಿದರೆ ಕಾಕಾ ಬಾಣಲೆಯಿಂದ ತಲೆ ಎತ್ತದೆ, "ಬ್ಯಾಂಕಿನಾಗೆ ನಮ್ಮನ್ನ ಸಾಲಿನಾಗೆ ನಿಲ್ಲಿಸ್ತೀಯಲ್ಲ, ಇಲ್ಲಿ ನೀ ನಿಲ್ಲು" ಅನ್ನುತ್ತಿದ್ದರು. ಖಾರ ಕಡಿಮೆ ಹಾಕಿ ಅಂದವನಿಗೆ, "ಹಾಲು ಕುಡಿ ಹೋಗಪ, ಹಲ್ಲು ಬಂದ ಮ್ಯಾಲೆ ಬಾ." ಡಾಕ್ಟರಮ್ಮನನ್ನೂ ಬಿಟ್ಟವರಲ್ಲ. "ಯಾಕವ್ವ, ಮನೆಯಾಗೆ ಒಲೆ ಕೆಟ್ಟೈತೇನು, ಮೂರು ದಿನ ಆತು ಇಲ್ಲೇ ಅದೀಯ. ಊರಿಗೆಲ್ಲ ಎಣ್ಣೆ ತಿನ್ನಬ್ಯಾಡ ಅಂತಿ." ಡಾಕ್ಟರಮ್ಮ ನಗುತ್ತಾ ಇನ್ನೆರಡು ಮೆಣಸಿನಕಾಯಿ ಹಾಕಿಸಿಕೊಳ್ಳುತ್ತಿದ್ದರು. ನನಗಂತೂ ದಿನಾ ಒಂದೇ ಮಂಗಳಾರತಿ: "ಬಂದ ನೋಡು ಕೋತಿ. ಇವತ್ತು ಯಾರ ಬಾಯಿ ತೊಟ್ಕೊಂಡು ಬಂದೀಯಲೇ?"

ಅದು ನ್ಯಾಯವಾದ ಪ್ರಶ್ನೆ. ನಾನು ಹೊಟ್ಟೆ ಹೊರೆಯುವುದೇ ಬೇರೆಯವರ ಬಾಯಿಂದ. ಮದುವೆ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಗಣಪತಿ ಕೂರಿಸಿದ ಪೆಂಡಾಲು, ಎಲ್ಲಿ ಮೈಕು ಕೊಟ್ಟರೂ ಮಿಮಿಕ್ರಿ ಮಾಡುತ್ತೇನೆ. ಬಸ್ ಕಂಡಕ್ಟರ್, ತರಗತಿಯಲ್ಲಿ ಕೆಮ್ಮುವ ಹೆಡ್‌ಮಾಸ್ತರ್, ಮಗಳ ಗಂಡನನ್ನು ಮಾತಾಡಿಸುವ ಅತ್ತೆ. ಮನೆಯಲ್ಲಿ ಅವ್ವ "ನಿಂದು ಅಂತ ಒಂದು ದನಿ ಐತಾ ಇಲ್ಲಾ" ಎಂದು ಕೇಳಿದಾಗ ನಾನು ಅವಳದೇ ದನಿಯಲ್ಲಿ "ಐತೆ ಕಣೋ" ಅಂದು ಲಟ್ಟಣಿಗೆ ತಪ್ಪಿಸಿಕೊಂಡಿದ್ದೇನೆ. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಕಾಕಾನ ದನಿ. ಅಡಿಕೆ ಒಂದು ದವಡೆಗೆ ಒತ್ತಿಕೊಂಡಂತೆ ಬಾಯಿ ಓರೆ ಮಾಡಬೇಕು, ಮಾತಿನ ಮೊದಲರ್ಧ ಮೂಗಿನಿಂದ, ಉಳಿದರ್ಧ ಹೊಟ್ಟೆಯಿಂದ. ಅವರ ಎದುರಿಗೇ ಮಾಡಿ ತೋರಿಸುತ್ತಿದ್ದೆ. "ನನ್ನ ಹೊಟ್ಟೆ ಇನ್ನೂ ಮುಂದೈತೆ, ಸರಿಯಾಗಿ ಮಾಡಲೇ" ಎಂದು ತಿದ್ದುತ್ತಿದ್ದರು.

ಕಾಕಾ ಬೈಯದೆ ಬಿಡುತ್ತಿದ್ದದ್ದು ಎರಡು ಜಾತಿಯವರನ್ನು. ಒಂದು, ಗುರ್ತಿಲ್ಲದವರನ್ನು. ಇನ್ನೊಂದು, ಮನೆಯಲ್ಲಿ ಸಾವಾದವರನ್ನು. ನಮ್ಮಪ್ಪ ತೀರಿಕೊಂಡಾಗ ಸುಮಾರು ಇಪ್ಪತ್ತು ದಿನ ನನಗೆ "ತಗೋಳಪ" ಎಂದಷ್ಟೇ ಹೇಳಿ ಪೊಟ್ಟಣ ಕೊಟ್ಟರು. ಆ ಮೆತ್ತನೆಯ ದನಿ ಕೇಳಿದಾಗಲೆಲ್ಲ ಅಪ್ಪ ಇನ್ನೊಂದು ಸಲ ಸತ್ತಂತಾಗುತ್ತಿತ್ತು. ಒಂದು ಸಂಜೆ ಮಾತ್ರ, ಯಾವ ಲೆಕ್ಕದಲ್ಲೋ, "ಬಂದ ನೋಡು ಕೋತಿ" ಅಂದರು. ಮನೆಗೆ ಓಡಿ ಬಂದು ಅವ್ವಗೆ ಹೇಳಿದೆ. ಅವಳು ಎದ್ದು, ಅಪ್ಪ ಹೋದ ಮೇಲೆ ಮೊದಲ ಸಲ ಒಗ್ಗರಣೆ ಹಾಕಿ ಅಡುಗೆ ಮಾಡಿದಳು.

ಆಮೇಲೆ ಬೀದಿ ಬದಲಾಯಿತು. ಮೇಷ್ಟ್ರ ಮನೆ ಕೆಡವಿದರು, ಅದರ ಪಕ್ಕದ ಎರಡನ್ನೂ ಕೆಡವಿದರು, ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಹಿಟ್ಟಿನ ಗಿರಣಿ ಇದ್ದಲ್ಲಿ ಜಿಮ್ ಬಂತು. ಮೊದಲು ಜೋಳ ಹೊತ್ತು ತಂದು ಬೆವರುತ್ತಿದ್ದರು, ಈಗ ದುಡ್ಡು ಕೊಟ್ಟು ಬೆವರುತ್ತಾರೆ. ನಾಯಿಗಳಿಗೆ ಕ್ಷೌರ ಮಾಡುವ ಅಂಗಡಿಯೂ ಬಂತು. ಅದರ ಒಳಗಿನ ತಂಪು ನೋಡಿ ನನಗೂ ಅಲ್ಲೇ ಕಟಿಂಗ್ ಮಾಡಿಸುವ ಆಸೆ ಆಗಿತ್ತು. ಹೊಸ ಕಟ್ಟಡಗಳ ಬಣ್ಣವೆಲ್ಲ ಬೂದಿ, ತಿಳಿ ಬೂದಿ, ಬೂದಿಯಂಥ ಬಿಳಿ. ಕಾಕಾನಿಗೆ ಬರುವ ಡಬ್ಬಿಗಳೂ ಅವೇ. "ಏನಪ, ಊರಿಗೆಲ್ಲ ಸೂತಕ ಐತೇನು?" ಎಂದು ಪೇಂಟರ್‌ಗೆ ಕೇಳಿ, ಹಚ್ಚದೆ ಅಟ್ಟದ ಮೇಲೆ ಎಸೆದಿದ್ದರು.

ಅಪಾರ್ಟ್‌ಮೆಂಟಿನ ಯಾರೋ ಮೊಬೈಲಿನಲ್ಲಿ ಅಂಗಡಿಗೆ ಒಂದೇ ನಕ್ಷತ್ರ ಕೊಟ್ಟು, ಮಾಲೀಕ ಒರಟ ಎಂದು ಬರೆದರು. ನಾನು ಓದಿ ಹೇಳಿದೆ. "ಯಾವ ನಕ್ಷತ್ರನಪ ಅದು, ನಂದಂತೂ ಮೂಲಾ" ಅಂದರು ಕಾಕಾ. ನಕ್ಕೆವು. ನಗುವುದಕ್ಕೆ ಆಗ ಇನ್ನೂ ಜಾಗ ಇತ್ತು.

ಜಾಗ ಸಾಹುಕಾರರದು. ಅವರ ಮನೆ ನಿಜಲಿಂಗಪ್ಪ ಬಡಾವಣೆಯಲ್ಲಿ. ತಲೆತಲಾಂತರದ ವ್ಯಾಪಾರಸ್ಥರು, ಕೊಟ್ಟ ಮಾತಿಗೆ ತಪ್ಪದ ಮನೆತನ ಎಂದು ಬಜಾರಿನಲ್ಲೆಲ್ಲ ಹೆಸರು. ಅಂಗಡಿಗೆ ಕಾಗದವಿಲ್ಲ, ಸಹಿ ಇಲ್ಲ. ದೀಪಾವಳಿ ಪಾಡ್ಯದ ಬೆಳಿಗ್ಗೆ ಕಾಕಾ ಸ್ನಾನ ಮಾಡಿ, ಹಣೆಗೆ ವಿಭೂತಿ ಎಳೆದು, ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಅವತ್ತಿನ ಹೊಸ ಎಣ್ಣೆಯಲ್ಲಿ ಮೊದಲು ಕರಿದ ಮೆಣಸಿನಕಾಯಿ ಇಟ್ಟುಕೊಂಡು ಅವರ ಮನೆಗೆ ಹೋಗಬೇಕು. ಸಾಹುಕಾರರು ಒಂದು ಎಲೆ ಎತ್ತಿಕೊಂಡು "ಮಾತು ಆತು" ಅನ್ನಬೇಕು. ಮುಂದಿನ ಪಾಡ್ಯದವರೆಗೆ ಅಂಗಡಿ ಕಾಕಾನದು. ಇವರಪ್ಪ ಅವರಪ್ಪನ ಕಾಲದಿಂದ ಹಾಗೇ ನಡೆದಿತ್ತು.

ಆ ವರ್ಷ ಮಳೆಗಾಲದಲ್ಲಿ ಸಾಹುಕಾರರು ಎರಡು ಸಲ ಡ್ರೈವರ್ ಕೈಯಲ್ಲಿ ಹೇಳಿ ಕಳಿಸಿದರು. ಜಾಗವನ್ನು ಕಾಫಿ ಅಂಗಡಿಯವರು ಕೇಳುತ್ತಿದ್ದಾರೆ, ನಿಮ್ಮ ವಿಚಾರ ಏನು? ಬಿಡಿ ಎಂದು ಮಾತ್ರ ಹೇಳಲಿಲ್ಲ. ತಾವಾಗಿ ಬಿಡಿಸಿದರು ಎಂದಾದರೆ ಬಜಾರಿನ ಹೆಸರು ಏನಾಗಬೇಕು. ಕಾಕಾ ತಾವಾಗಿಯೇ ಬಿಡುತ್ತೇನೆ ಅನ್ನಬೇಕಿತ್ತು. ಕಾಕಾ ಎರಡು ಸಲವೂ ಡ್ರೈವರ್‌ಗೆ ಮಂಡಕ್ಕಿ ಕಟ್ಟಿಕೊಟ್ಟು, "ಪಾಡ್ಯಕ್ಕೆ ಬರ್ತೀನಿ ಅಂತ ಹೇಳಪ" ಎಂದಷ್ಟೇ ಹೇಳಿ ಕಳಿಸಿದರು. ಬೈಯಲಿಲ್ಲ. ಊರನ್ನೆಲ್ಲ ಬೈಯುವ ಮನುಷ್ಯ ಅಲ್ಲಿ ಮಾತ್ರ ಬಾಲ ಮುದುರುತ್ತಾನಲ್ಲ ಎಂದು ನನಗೆ ಉರಿಯಿತು. ಉರಿಯಲು ನಾನು ಯಾರು ಎಂದು ಆಗ ಯಾರೂ ಕೇಳಲಿಲ್ಲ.

ಪಾಡ್ಯಕ್ಕೆ ಎರಡು ವಾರ ಇದ್ದಾಗ ಒಂದು ಮಧ್ಯಾಹ್ನ ಕಾಕಾ ಮಂಡಕ್ಕಿ ಚೀಲ ತರಲು ಮಂಡಕ್ಕಿ ಹುರಿಯುವ ಭಟ್ಟಿಗೆ ಹೊರಟರು. ಅಂಥ ಹೊತ್ತಿನಲ್ಲಿ ಅಂಗಡಿಯನ್ನು ಅದರ ಮುಂದಿನ ಕಟ್ಟೆಯ ಮೇಲೆ ಕೂತವರಿಗೆ ಒಪ್ಪಿಸಿ ಹೋಗುವುದು ರೂಢಿ. "ನೋಡ್ಕೊಳ್ರಲೇ, ಒಲೆ ಮುಟ್ಟಬ್ಯಾಡ್ರಿ" ಅಂದು ಗಾಡಿ ಹತ್ತಿದರು. ಅವರ ಗುಂಡಿ ಫೋನು ಮಂಡಕ್ಕಿ ಡಬ್ಬದ ಮೇಲೇ ಇತ್ತು, ಗಿರಾಕಿಗಳು ಅದಕ್ಕೇ ಫೋನು ಮಾಡಿ ಬೇಕಾದದ್ದು ಹೇಳುತ್ತಿದ್ದರಲ್ಲ, ಅದಕ್ಕೆ. ನನ್ನ ಜತೆ ಇಬ್ಬರು ಗೆಳೆಯರಿದ್ದರು.

"ಸಾಹುಕಾರ್ರಿಗೆ ಕಾಕಾ ಎದುರು ಮಾತು ಹೇಳಂಗಿಲ್ಲ. ಧೈರ್ಯ ಇದ್ರೆ ಕಾಕಾನ ಬಾಯಾಗೆ ನೀ ಹೇಳು" ಅಂದ ಒಬ್ಬ.

ಧೈರ್ಯಕ್ಕೇನು, ಬೇರೆಯವರ ದನಿ ಇದ್ದರೆ ನನಗೆ ಎಷ್ಟು ಬೇಕಾದರೂ ಧೈರ್ಯ. ಫೋನು ಎತ್ತಿದೆ. ಬಾಯಿ ಓರೆ ಮಾಡಿದೆ. ಮೊದಲರ್ಧ ಮೂಗು, ಉಳಿದರ್ಧ ಹೊಟ್ಟೆ.

"ಏನ್ರಿ ಸಾಹುಕಾರ್ರ, ಡ್ರೈವರ್‌ನ ಕಳಿಸಿ ಕಳಿಸಿ ಜೀವ ತಿಂತೀರಲ್ಲ. ನಿಮಗೆ ಬಾಯಿಲ್ಲೇನು? ಬಿಡ್ತೀನಿ ತಗೊಳ್ರಿ ನಿಮ್ಮ ಜಾಗ. ಈ ಪಾಡ್ಯಕ್ಕೆ ನಾ ಬರಂಗಿಲ್ಲ, ನಿಮ್ಮ ಎಲೆ ಅಡಿಕೆ ನೀವೇ ಹಾಕ್ಕೊಳ್ರಿ."

ಆ ಕಡೆಯಿಂದ ಸಾಹುಕಾರರು, ತೂಕದ ಕಲ್ಲು ಇಟ್ಟಂತೆ, "ಆತು. ಮಾತು ಆತು" ಎಂದು ಫೋನು ಇಟ್ಟರು.

ಗೆಳೆಯರು ಬಿದ್ದು ಬಿದ್ದು ನಕ್ಕರು. ನಾನು ಎದ್ದು ನಿಂತು ಮೂರೂ ದಿಕ್ಕಿಗೆ ಕೈ ಮುಗಿದೆ. ಕಾಕಾ ಚೀಲ ಹೇರಿಕೊಂಡು ಬಂದಾಗ ಹೇಳಬೇಕು ಅಂದುಕೊಂಡೆ. ಅವರು ಬಿಸಿ ಮೆಣಸಿನಕಾಯಿ ಕೊಟ್ಟರು. ಬಾಯಿ ತುಂಬಿತ್ತು, ಹೇಳಲಿಲ್ಲ. ಮರುದಿನವೂ ತುಂಬಿತ್ತು. ಹದಿನಾಲ್ಕು ದಿನ ನನ್ನ ಬಾಯಿ ಖಾಲಿಯಾಗಲೇ ಇಲ್ಲ.

ಪಾಡ್ಯದ ಬೆಳಿಗ್ಗೆ ಕಾಕಾ ತಟ್ಟೆ ಹಿಡಿದು ಹೋದರು. ಒಂದು ಗಂಟೆಯಲ್ಲಿ ಬಂದರು. ತಟ್ಟೆಯಲ್ಲಿ ಎಲ್ಲ ಎಲೆಗಳೂ ಹಾಗೇ ಇದ್ದವು, ಮೆಣಸಿನಕಾಯಿ ತಣ್ಣಗಾಗಿ ಮುದುಡಿದ್ದವು. ನಾನು ಕಟ್ಟೆಯ ಮೇಲಿದ್ದೆ. ಅವರು ತಟ್ಟೆ ಒಳಗಿಟ್ಟು, ಗುಂಡಿ ಫೋನು ತಂದು ನನ್ನ ಮುಂದೆ ಹಿಡಿದರು.

"ನಾ ಭಟ್ಟಿಗೆ ಹೋದ ದಿನ ಇದ್ರಾಗೆ ಒಂದು ಫೋನ್ ಹೋಗೈತಂತೆ. ಸಾಹುಕಾರ್ರು ಹೇಳಿದ್ರು."

ಹೇಳಿದೆ. ಆ ದಿನ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ, ಈ ಸಲ ನನ್ನ ದನಿಯಲ್ಲಿ. ನನ್ನ ದನಿಯಲ್ಲಿ ಅದರಲ್ಲಿ ನಗು ಬರುವಂಥದ್ದು ಏನೂ ಇರಲಿಲ್ಲ.

"ನೀವು ಅಲ್ಲ ಅಂತ ಹೇಳಬೇಕಿತ್ತು ಕಾಕಾ."

"ಹೇಳಿದೆ. ನಾ ಅಲ್ರಿ ಸಾಹುಕಾರ್ರ, ಆಣೆ ಮಾಡ್ತೀನಿ ಅಂದೆ. ನಿಂದೇ ಫೋನು, ನಿಂದೇ ದನಿ, ನಾ ಕಾಫಿಯವ್ರಿಗೆ ಮಾತು ಕೊಟ್ಟಾತು ಅಂದ್ರು. ಇನ್ನೇನು, ಗಂಟಲು ಕುಯ್ದು ತೋರಿಸ್ಲೇನು?"

"ನಾನೇ ಹೋಗ್ತೀನಿ."

"ಹೋಗು" ಅಂದರು. ಬೇಡ ಎಂದು ತಡೆಯಲಿಲ್ಲ. ಎಷ್ಟೆಂದರೂ ಅದು ಅವರ ಅನ್ನ.

ನಿಜಲಿಂಗಪ್ಪ ಬಡಾವಣೆಯ ಆ ಮನೆಯ ಮುಂದೆ ಪಾಡ್ಯದ ಪದ್ಧತಿಯಂತೆ ಸೆಗಣಿ ಉಂಡೆಯ ಪಾಂಡವರನ್ನು ಇಟ್ಟು ಚೆಂಡುಹೂವು ಮುಡಿಸಿದ್ದರು. ಸಾಹುಕಾರರು ಬಿಳಿ ಅಂಗಿಯಲ್ಲಿ ಉಯ್ಯಾಲೆಯ ಮೇಲೆ ಕೂತಿದ್ದರು. "ಬಾರಪ, ಕೂಡು" ಎಂದು ನೀರು ತರಿಸಿದರು. ತಪ್ಪಾಯಿತು, ಫೋನು ಮಾಡಿದ್ದು ನಾನು, ಕಾಕಾನಿಗೆ ಏನೂ ಗೊತ್ತಿಲ್ಲ ಅಂದೆ. ಅವರು ಕಣ್ಣು ಮುಚ್ಚಿ ಪೂರಾ ಕೇಳಿದರು.

"ಹಂಗಾದ್ರೆ ಮಾಡಿ ತೋರ್ಸು" ಅಂದರು.

ಎಷ್ಟು ವೇದಿಕೆ ಹತ್ತಿಲ್ಲ ನಾನು. ಸಾವಿರ ಜನರ ಮುಂದೆ ಮಾಡಿದ್ದೇನೆ. ಅವತ್ತು ಒಬ್ಬರೇ ಒಬ್ಬರ ಮುಂದೆ, ನೀರು ಕುಡಿದರೂ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬಾಯಿ ಓರೆ ಮಾಡಿದೆ. ಮೂಗಿನಿಂದ ಬರಬೇಕಾದದ್ದು ಮೂಗಿನಲ್ಲೇ ಉಳಿಯಿತು. ಹೊಟ್ಟೆಯಿಂದ ಏನೂ ಬರಲಿಲ್ಲ. ಅಳುವ ಹುಡುಗ ಯಾರನ್ನೋ ಅಣಕಿಸಿದಂತೆ ಕೇಳಿಸಿತು, ನನಗೇ.

ಸಾಹುಕಾರರು ತಲೆ ಆಡಿಸಿದರು. "ಅಲ್ಲಪ. ಅವತ್ತು ಕೇಳಿದ್ದು ಅವಂದೇ ದನಿ. ನೀನು ಒಳ್ಳೇ ಹುಡುಗ, ಅವನ ಸಲುವಾಗಿ ಸುಳ್ಳು ಹೇಳಾಕ ಬಂದೀಯ. ಹಬ್ಬದ ದಿನ, ಒಂದು ಹೋಳಿಗೆ ತಿಂದು ಹೋಗು."

ಹೋಳಿಗೆ ತಿಂದೆ. ಅದನ್ನೂ ಬರೆಯಲೇಬೇಕು, ತಿಂದೆ. ತುಪ್ಪ ಚೆನ್ನಾಗಿತ್ತು.

ಕಾರ್ತಿಕ ಮುಗಿಯುವುದರೊಳಗೆ ಕಾಕಾ ಅಂಗಡಿ ಖಾಲಿ ಮಾಡಿದರು. ಬಾಣಲೆ, ಡಬ್ಬ, ಸ್ಟೂಲು, ಅಟ್ಟದ ಮೇಲಿನ ಬೂದಿ ಬಣ್ಣದ ಡಬ್ಬಿಗಳು ಒಂದೇ ಟ್ರಿಪ್ಪಿಗೆ ಹಿಡಿಸಿದವು. ಹರಿಹರ ಅವರ ಹೆಂಡತಿಯ ತವರು. ಅಲ್ಲಿ ಮೈದುನನ ಜಾಗದಲ್ಲಿ ಒಂದು ತಗಡಿನ ಗೂಡು ಹಾಕುತ್ತೇನೆ ಅಂದರು. ಬೀದಿಯವರೆಲ್ಲ ಬಂದು ನಿಂತರು. ಡಾಕ್ಟರಮ್ಮ "ಒಂದು ಸಲ ಬೈದು ಹೋಗ್ರಿ" ಅಂದರು. ಕಾಕಾ ಅವರಿಗೆ ಕೈ ಮುಗಿದರು. ನಾನು ಸ್ಟೂಲು ಎತ್ತಿಕೊಡಲು ಹೋದೆ. ನನ್ನ ಕೈಯಿಂದ ಮೆಲ್ಲಗೆ ಇಸಿದುಕೊಂಡು ತಾವೇ ಗಾಡಿಗೆ ಇಟ್ಟರು.

ಕೆಲಸದವರು ಬಂದು ಗೋಡೆ ಕೆರೆದರು. ಗುಲಾಬಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಇಟ್ಟಿಗೆ ಕೆಂಪು, ಅದರ ಕೆಳಗೆ ನಾನು ಹುಟ್ಟುವ ಮೊದಲಿನ ಯಾರದೋ ಮನೆಯ ಹಳದಿ. ಎಲ್ಲ ಪುಡಿಯಾಗಿ ಚರಂಡಿಗೆ ಹೋಯಿತು. ಕಾಫಿ ಅಂಗಡಿಯವರು ಒಂದು ಮೊಳ ಗೋಡೆಯನ್ನು ಮಾತ್ರ ಹಾಗೇ ಬಿಟ್ಟು, ಸುತ್ತ ಮರದ ಚೌಕಟ್ಟು ಹೊಡೆದು, ಮೇಲೊಂದು ದೀಪ ಹಾಕಿದರು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಿಟಕಿಯ ಕೆಳಗಿನ ನಮ್ಮ ಅಡುಗೆಮನೆಯ ಕೇಸರಿ ಆ ಚೌಕಟ್ಟಿನೊಳಗಿದೆ. ಬಾಡಿಗೆ ಮನೆಯವನಿಗೆ ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು.

ಉದ್ಘಾಟನೆಗೆ ಕಾರ್ಯಕ್ರಮ ನಡೆಸಿಕೊಡಲು ನನ್ನನ್ನೇ ಕರೆದರು. ಮ್ಯಾನೇಜರ್ ನನ್ನ ವಯಸ್ಸಿನವನೇ. "ಹಳೇ ಅಂಗಡಿ ಫೀಲ್ ಬರಬೇಕು ಬ್ರೋ. ಆ ಬೈಯೋ ಅಂಕಲ್ ಥರ ಗೆಸ್ಟ್‌ಗಳಿಗೆ ಸ್ವಲ್ಪ ಬೈದ್ಬಿಡಿ, ಫನ್ ಆಗಿ" ಅಂದ. ಹೋಗಬಾರದಿತ್ತು. ಹೋದೆ. ನಾನು ಹೋಗದಿದ್ದರೆ ಬೇರೆ ಯಾರಾದರೂ ಕೆಟ್ಟದಾಗಿ ಮಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕಲಾವಿದರ ಬಳಿ ಇಂಥ ಕಾರಣಗಳು ಯಾವಾಗಲೂ ಇಸ್ತ್ರಿ ಮಾಡಿ ಇಟ್ಟಿರುತ್ತವೆ.

ಮೈಕು ಕೈಗೆ ಬಂದದ್ದೇ ದನಿ ತಾನಾಗಿ ಬಂತು. "ಬ್ಯಾಂಕಿನಾಗೆ ನಮ್ಮನ್ನ ಸಾಲಿನಾಗೆ ನಿಲ್ಲಿಸ್ತೀಯಲ್ಲ, ಇಲ್ಲಿ ನೀ ನಿಲ್ಲು." ಹೊಟ್ಟೆ ಅವರು ತಿದ್ದಿದಷ್ಟೇ ಮುಂದೆ ಬಂದಿತ್ತು. ಮೊಬೈಲುಗಳು ಮೇಲೆದ್ದವು. ಒಂದೇ ನಕ್ಷತ್ರ ಕೊಟ್ಟ ಪುಣ್ಯಾತ್ಮ ಆ ಗುಂಪಿನಲ್ಲೇ ಎಲ್ಲೋ ಚಪ್ಪಾಳೆ ಹೊಡೆದಿರಬೇಕು.

ಟೇಪು ಕತ್ತರಿಸಿದ್ದು ಸಾಹುಕಾರರು. ಎಲ್ಲ ಮುಗಿದ ಮೇಲೆ ಕಾಗದದ ಲೋಟ ಹಿಡಿದು ನನ್ನ ಪಕ್ಕ ಬಂದು ನಿಂತರು.

"ಚೆನ್ನಾಗಿ ಮಾಡ್ತೀಯಪ" ಅಂದರು. "ಅವತ್ತು ಫೋನಿನಾಗೂ ಹಿಂಗೇ ಇತ್ತು."

ನನಗೆ ಅರ್ಥವಾಗಲು ಒಂದು ಗುಟುಕಿನಷ್ಟು ಹೊತ್ತು ಹಿಡಿಯಿತು. ಅವರ ಗುಟುಕು.

"ಮನೆಗೆ ಬಂದಾಗ ನಿಂದಲ್ಲ ಅಂದ್ರಲ್ರಿ."

"ಅವತ್ತು ನಿನ್ನ ಗಂಟಲು ಒಣಗಿತ್ತು." ಲೋಟವನ್ನು ನನ್ನ ಕೈಗೆ ಕೊಟ್ಟು, ಮೀಸೆ ಒರೆಸಿಕೊಂಡು ಕಾರಿನ ಕಡೆ ನಡೆದರು. ಮಾತಿಗೆ ತಪ್ಪದ ಮನೆತನ. ತಪ್ಪಿಲ್ಲ, ನಿಜ. ತಪ್ಪುವ ಕೆಲಸವನ್ನು ನಾನು ಪುಕ್ಕಟೆ ಮಾಡಿಕೊಟ್ಟಿದ್ದೆ.

ಮರುದಿನ ಹರಿಹರದ ಬಸ್ ಹತ್ತಿದೆ. ದಾರಿಯ ಬಾತಿ ಊರು ದಾಟುವವರೆಗೂ ಕಾಕಾನಿಗೆ ಹೇಗೆ ಹೇಳಬೇಕು ಎಂದು ತುಟಿಯೊಳಗೇ ತಾಲೀಮು ಮಾಡಿದೆ. ಪಕ್ಕದ ಸೀಟಿನವನು ಎದ್ದು ಹಿಂದೆ ಹೋಗಿ ಕೂತ.

ಗೂಡು ಬಸ್ ಸ್ಟ್ಯಾಂಡಿನಿಂದ ಹೊಳೆಗೆ ಹೋಗುವ ದಾರಿಯಲ್ಲಿತ್ತು. ಬರೀ ತಗಡು, ಬಣ್ಣವೇ ಇಲ್ಲ. ಕಾಕಾ ಒಲೆಯ ಮುಂದೆ ಕೂತು ಮೆಣಸಿನಕಾಯಿ ಸೀಳುತ್ತಿದ್ದರು. ಮುಂದೆ ನಿಂತಿದ್ದ ಗಿರಾಕಿಯೊಬ್ಬ ಖಾರ ಕಡಿಮೆ ಇರಲಿ ಅಂದ. "ಆಗ್ಲಿ ಬಿಡ್ರಿ" ಅಂದರು ಕಾಕಾ.

"ಬಣ್ಣ ಹಚ್ಚಿಲ್ಲ ಯಾಕ ಕಾಕಾ?"

"ಇಲ್ಲಿ ಯಾರು ಕೊಡ್ತಾರಪ. ಇನ್ನೂ ಗುರ್ತಾಗಿಲ್ಲ."

ನಾನು ಹೇಳಬೇಕಾದದ್ದನ್ನು ಹೇಳಿದೆ. ಸಾಹುಕಾರರಿಗೆ ಅವತ್ತೇ ಗೊತ್ತಿತ್ತು, ಗೊತ್ತಿದ್ದೇ ಹಾಗೆ ಮಾಡಿದರು. ಉದ್ಘಾಟನೆಯಲ್ಲಿ ನಾನು ಏನು ಮಾಡಿದೆ ಎಂಬುದನ್ನೂ ಹೇಳಿದೆ.

ಕಾಕಾ ಸೀಳುವುದನ್ನು ನಿಲ್ಲಿಸಲಿಲ್ಲ. "ನಂಗೊತ್ತು. ತಟ್ಟೆ ತಿರುಗಿ ಕೊಡೋವಾಗ ನನ್ನ ಮುಖ ನೋಡ್ಲಿಲ್ಲ ಅವ್ರು. ಮೂವತ್ತು ವರ್ಷ ಕೇಳಿದ ನನ್ನ ದನಿ, ಅವ್ರಿಗೆ ಗೊತ್ತಾಗದಿರತೈತೇನು?"

"ಮತ್ತೆ ನೀವು ಯಾಕ ಜಗಳ ಆಡ್ಲಿಲ್ಲ?"

"ಯಾರ ಸಂಗ್ಟ ಆಡ್ಲಿ? ಅವ್ರು ಹೊರಗೆ ದಬ್ಬಾಕ ದಾರಿ ಹುಡುಕ್ತಿದ್ರು, ಸಿಕ್ತು. ಅವ್ರದು ವ್ಯಾಪಾರ. ದಾರಿ ತೋರಿಸಿದ್ದು ನಮ್ಮ ಕಟ್ಟೆ ಮ್ಯಾಲೆ ಕೂತೋನು."

ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ನಾನು ಅಲ್ಲೇ ನಿಂತೆ. ಕೊನೆಗೆ, ನನ್ನದೇ ದನಿಯಲ್ಲಿ, ಅದು ಎಷ್ಟು ಸಣ್ಣದು ಎಂದು ನಾಚಿಕೊಂಡು, "ಒಂದು ಸಲ ಬೈರಿ ಕಾಕಾ" ಅಂದೆ.

ಅವರು ಮಂಡಕ್ಕಿ ಕಲಸಿ, ಮೇಲೆ ಎರಡು ಮೆಣಸಿನಕಾಯಿ ಇಟ್ಟು, ಕಾಗದ ಮಡಚಿ ದಾರ ಸುತ್ತಿದರು. ಅಷ್ಟೂ ಹೊತ್ತು ನಾನು ಕಾದೆ.

"ನೀನೇ ಬೈಕೊಳಪ" ಅಂದರು. "ನನ್ನ ದನಿ ನಿನ್ನ ಹತ್ರನೇ ಐತಲ್ಲ."

ಪೊಟ್ಟಣ ನನ್ನ ಕೈಗಿಟ್ಟರು. "ತಗೋಳಪ." ಆಮೇಲೆ ನನ್ನ ಹಿಂದೆ ನಿಂತಿದ್ದ ಹೆಂಗಸಿನ ಕಡೆ ತಿರುಗಿ, ಮೆತ್ತಗೆ, "ಬರ್ರಿ ಅಮ್ಮಾ, ಏನ್ ಕೊಡ್ಲಿ?" ಎಂದು ಕೇಳಿದರು.

ಎಲ್ಲರ ದನಿಯನ್ನೂ ಮಾಡುತ್ತೇನೆ. ಆ ಮೆತ್ತನೆಯ ದನಿಯೊಂದನ್ನು ಮಾತ್ರ ಇವತ್ತಿನವರೆಗೆ ಮಾಡಲು ಹೋಗಿಲ್ಲ.